ಇಂಟರ್ನ್‌ಶಿಪ್ ಮುಗೀತಾ ಬಂತು, ಇನ್ನು ಪಿಎಚ್‌ಸಿಯಲ್ಲಿ ನಾನೊಬ್ಬಳೇ ಡಾಕ್ಟರ್. ಉಳಿದ ದಿನಗಳಲ್ಲಿ ಏನು ಕಲಿಯಲಿ?

ಹೊಸಸ್ಟೆತ್:

ಎಲ್ಲರಿಗೂ ನಮಸ್ಕಾರ. ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಇಂಟರ್ನ್ ಆಗಿದ್ದೇನೆ. ಮುಂದಿನ ತಿಂಗಳು ಮುಗಿಯುತ್ತದೆ. ಆಮೇಲೆ ಮಲೆನಾಡಿನ ಒಂದು ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಮೆಡಿಕಲ್ ಆಫೀಸರ್ ಆಗಿ ಹೋಗುತ್ತೇನೆ. ಅಲ್ಲಿರುವುದು ಒಂದೇ ಡಾಕ್ಟರ್ ಹುದ್ದೆ. ತಾಲ್ಲೂಕು ಆಸ್ಪತ್ರೆಗೆ ಮುಕ್ಕಾಲು ಗಂಟೆ ದಾರಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ರೂಮ್‌ಮೇಟ್‌ಗಳೆಲ್ಲ ಸ್ಪೆಷಲಿಸ್ಟ್ ಆಗಲು ನೀಟ್ ಪಿಜಿ ಪರೀಕ್ಷೆಗೆ ಓದುತ್ತಾ ಕೂತಿದ್ದಾರೆ. ನನಗೆ ಮುಂದೆಯೂ ಫ್ಯಾಮಿಲಿ ಡಾಕ್ಟರ್ ಆಗಿಯೇ ಇರುವ ಆಸೆ. ಮನೆಯಲ್ಲಿ ‘ಸುಮ್ನೆ ಸೀಟು ಹಾಳು ಮಾಡಿದೆ’ ಅನ್ನುತ್ತಾರೆ. ಅದಿರಲಿ.

ಈ ವರ್ಷ ನಾನು ಮಾಡಿದ್ದೇನು ಅಂತ ಯೋಚಿಸಿದೆ. ರಕ್ತ ತೆಗೆದಿದ್ದೇನೆ, ಕ್ಯಾನುಲಾ ಹಾಕಿದ್ದೇನೆ, ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡಿದ್ದೇನೆ, ಡಿಸ್ಚಾರ್ಜ್ ಸಮ್ಮರಿ ಬರೆದು ಬರೆದು ಸಾಕಾಗಿದೆ. ಹೊಲಿಗೆ ಚೆನ್ನಾಗಿ ಬರುತ್ತದೆ. ಹೆರಿಗೆ ಮಾಡಿಸಿದ್ದೇನೆ, ಆದರೆ ಪಕ್ಕದಲ್ಲಿ ಪಿಜಿ ಓದುವ ಡಾಕ್ಟರ್ ಇದ್ದೇ ಇರುತ್ತಿದ್ದರು. ಕ್ಯಾಶುವಾಲ್ಟಿ ಎರಡು ವಾರ, ಸೈಕಿಯಾಟ್ರಿ ಎರಡು ವಾರ, ಚರ್ಮದ ವಿಭಾಗ ಒಂದೇ ವಾರ. ಮೊದಲ ವರ್ಷದ ಅನಾಟಮಿಯನ್ನು ಮೊಬೈಲ್‌ನಲ್ಲಿ ನೋಡಿದ ಕೊರೋನಾ ಬ್ಯಾಚ್ ನಮ್ಮದು, ಅದು ಬೇರೆ.

ಆದರೆ ‘ನಿಮಗೆ ಗಾಬರಿ ಪಡುವಂಥದ್ದು ಏನೂ ಇಲ್ಲ, ಮನೆಗೆ ಹೋಗಿ’ ಅಂತ ನಾನೇ ತೀರ್ಮಾನ ಮಾಡಿ ಯಾರಿಗೂ ಹೇಳಿಲ್ಲ. ಒಬ್ಬ ಶುಗರ್ ಪೇಶಂಟನ್ನೂ ಎರಡನೇ ಸಲ ನೋಡಿಲ್ಲ. ಪೊಲೀಸ್ ಕೇಸಿನ ಗಾಯಕ್ಕೆ ಕೊಡುವ ವೂಂಡ್ ಸರ್ಟಿಫಿಕೇಟ್ ಬೇರೆಯವರು ಬರೆಯುವಾಗ ನೋಡಿದ್ದೇನೆ, ಅಷ್ಟೆ. ಪೋಸ್ಟ್‌ಮಾರ್ಟಮ್ ಮಾಡುವಾಗ ಹಿಂದಿನ ಸಾಲಿನಲ್ಲಿ ನಿಂತಿದ್ದೆ.

ಇದು ನನಗೊಬ್ಬಳಿಗೇನಾ, ಎಲ್ಲರಿಗೂ ಹೀಗೇನಾ? ಉಳಿದಿರುವ ವಾರಗಳಲ್ಲಿ ಎಲ್ಲಿ ಕೂತು ಏನು ಕಲಿತರೆ ಉಪಯೋಗ? ‘ಕೆಲಸ ಮಾಡ್ತಾ ಮಾಡ್ತಾ ಬರುತ್ತೆ’ ಅನ್ನುವ ಉತ್ತರ ಮಾತ್ರ ಬೇಡ. ಅದನ್ನು ನಮ್ಮ ಹಾಸ್ಟೆಲ್ ವಾಚ್‌ಮನ್ ಕೂಡ ಹೇಳಿಯಾಯಿತು.

ಬಸ್‌ಸ್ಟ್ಯಾಂಡ್‌ಡಾಕ್ಟ್ರು:

ತುಮಕೂರು ಜಿಲ್ಲೆಯ ಒಂದು ಸಣ್ಣ ಊರಲ್ಲಿ, ಬಸ್‌ಸ್ಟ್ಯಾಂಡ್ ಎದುರಿಗೇ ನನ್ನ ಕ್ಲಿನಿಕ್. ಬರೀ ಎಂಬಿಬಿಎಸ್. ಇಪ್ಪತ್ತು ವರ್ಷದ ಮೇಲಾಯಿತು. ನಿಮ್ಮ ಅಂದಾಜು ಸರಿಯಾಗಿಯೇ ಇದೆ ಡಾಕ್ಟ್ರೇ. ಹೆದರಿಕೆಯೇ ಇಲ್ಲದೆ ಬರುವ ಹೊಸಬರನ್ನು ಕಂಡರೆ ನನಗೆ ಹೆದರಿಕೆ.

1961ರಲ್ಲಿ ಕೆರ್ ವೈಟ್ ಮತ್ತು ಅವರ ಸಂಗಡಿಗರು ಅಮೆರಿಕ, ಬ್ರಿಟನ್ನಿನ ಅಂಕಿಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಕೊಟ್ಟರು. ಸಾವಿರ ದೊಡ್ಡವರಲ್ಲಿ ಒಂದು ತಿಂಗಳಲ್ಲಿ 750 ಜನಕ್ಕೆ ಏನಾದರೂ ಕಾಯಿಲೆಯೋ ಪೆಟ್ಟೋ ಆಗುತ್ತದೆ. ಅವರಲ್ಲಿ 250 ಜನ ಡಾಕ್ಟರ್ ಹತ್ತಿರ ಹೋಗುತ್ತಾರೆ. ಆಸ್ಪತ್ರೆಗೆ ಸೇರುವವರು 9. ಇನ್ನೊಬ್ಬ ಡಾಕ್ಟರ್ ಹತ್ತಿರ ಹೋಗಿ ಅಂತ ಚೀಟಿ ಪಡೆಯುವವರು 5. ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಬರುವವನು ಒಬ್ಬನೇ ಒಬ್ಬ. ನೀವು ಐದೂವರೆ ವರ್ಷ ಆ ಒಬ್ಬನನ್ನು ನೋಡಿ ಕಲಿತಿದ್ದೀರಿ. ಇನ್ನು ಮುಂದೆ ನಿಮ್ಮ ಎದುರು ಕೂರುವವರು ಆ 250 ಜನ.

ನಮ್ಮ ಸರ್ಕಾರಿ ಕಾಲೇಜಿನ ಓಪಿಡಿಗೆ ನೆಗಡಿಯೂ ಬರುತ್ತದೆ, ನಿಜ. ಆದರೆ ನೆಗಡಿಯನ್ನು ಯಾರೂ ಪಾಠ ಮಾಡುವುದಿಲ್ಲ. ವಾರ್ಡಿನ ಪಾಠಕ್ಕೆ ಕೇಸ್ ಹುಡುಕುವಾಗ ದೊಡ್ಡ ಸ್ಪ್ಲೀನ್ ಬೇಕು, ಮೈಟ್ರಲ್ ಸ್ಟೆನೋಸಿಸ್ ಬೇಕು. ಹೃದಯದ ಮರ್ಮರ್ ಸದ್ದು ಕೇಳಲು ಇಡೀ ಬ್ಯಾಚ್ ಸಾಲಾಗಿ ನಿಲ್ಲುತ್ತದೆ. ನನ್ನ ಎದುರು ಬರುವ ಮಾತುಗಳು ಬೇರೆ. ‘ಕೈಕಾಲು ಸೇದ್ತವೆ.’ ‘ಎದೆ ಢವಢವ ಅಂತದೆ.’ ‘ಊಟ ಸೇರ್ತಿಲ್ಲ.’ ‘ಗ್ಯಾಸ್ಟ್ರಿಕ್ ಆಗೈತೆ ಸಾ.’ ‘ಸುಸ್ತು, ಒಂದು ಇಂಜೆಕ್ಷನ್ ಹಾಕ್ಬಿಡಿ.’ ಸುಸ್ತು ಅಂದವರಲ್ಲಿ ಒಬ್ಬರಿಗೆ ರಕ್ತ ಕಮ್ಮಿ, ಒಬ್ಬರಿಗೆ ಥೈರಾಯ್ಡ್, ಒಬ್ಬರಿಗೆ ಟಿಬಿ. ಇನ್ನೊಬ್ಬಳ ಗಂಡ ದಿನಾ ಕುಡಿದು ಬಂದು ನಿದ್ದೆ ಕೆಡಿಸುತ್ತಾನೆ. ಯಾರು ಯಾರು ಅಂತ ಐದು ನಿಮಿಷದಲ್ಲಿ ಬೇರೆ ಮಾಡಬೇಕು. ಹೊರಗೆ ಇನ್ನೂ ನಲವತ್ತು ಜನ ಕೂತಿರುತ್ತಾರೆ.

‘ಗ್ಯಾಸ್ಟ್ರಿಕ್’ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹಾರ್ಟ್ ಅಟ್ಯಾಕ್ ಕೂಡ ಗ್ಯಾಸ್ಟ್ರಿಕ್ ಅಂತಲೇ ಬರುತ್ತದೆ, ಜೀವ ಹೋಗುವುದು ಇಲ್ಲೇ. ನಲವತ್ತು ದಾಟಿದವರು, ಶುಗರ್ ಇರುವವರು, ಬೆವರಿದವರು ಗ್ಯಾಸ್ಟ್ರಿಕ್ ಅಂದರೆ ಮೊದಲು ಇಸಿಜಿ, ಗ್ಯಾಸ್ಟ್ರಿಕ್ ಮಾತ್ರೆ ಪ್ಯಾಂಟಾಪ್ ಆಮೇಲೆ. ಮೊದಲ ಇಸಿಜಿ ನಾರ್ಮಲ್ ಬಂದರೂ ನೋವು ಇದ್ದರೆ ಅಲ್ಲೇ ಮಲಗಿಸಿ ಇನ್ನೊಮ್ಮೆ ತೆಗೆಯಿರಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಅದು ಇದೆಯಾ, ರಾತ್ರಿ ಹನ್ನೊಂದಕ್ಕೆ ಯಾರಿಗೆ ಫೋನ್ ಮಾಡಬೇಕು, ಇದನ್ನು ಹೋದ ಮೊದಲ ವಾರವೇ ತಿಳಿದುಕೊಳ್ಳಿ. ಅದೇ ಥರದ ಔಷಧಿ ಸ್ಟ್ರೆಪ್ಟೋಕೈನೇಸ್‌ನ ಅಡ್ಡಪರಿಣಾಮ ಏನು ಅಂತ ವೈವಾದಲ್ಲಿ ನನ್ನನ್ನು ಕೇಳಿದ್ದರು. ಆ ಫೋನ್ ನಂಬರ್ ಯಾರೂ ಕೇಳಲಿಲ್ಲ.

ಕಾಲೇಜಿನಲ್ಲಿ ಕಲಿಯಲು ಆಗದೇ ಇರುವ ಇನ್ನೊಂದು ವಿದ್ಯೆ ಕಾಯುವುದು. ವಾರ್ಡಿನಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಬೆಳಿಗ್ಗೆ ರೌಂಡ್ಸ್‌ಗೆ ಹೋದರೆ ಪೇಶಂಟ್ ಅಲ್ಲೇ ಮಲಗಿರುತ್ತಾರೆ, ಅನುಮಾನ ಇದ್ದರೆ ಇನ್ನೆರಡು ಟೆಸ್ಟ್ ಬರೆಯಬಹುದು. ನಿಮ್ಮ ಹತ್ತಿರ ಒಂದು ದಿನದ ಜ್ವರದ ಮಗು ಬರುತ್ತದೆ. ಆಡುತ್ತಿದೆ, ಹಾಲು ಕುಡಿಯುತ್ತಿದೆ, ಎಲ್ಲಿಂದ ಜ್ವರ ಅಂತ ಗೊತ್ತಾಗುವುದಿಲ್ಲ. ಆಗ ಆಂಟಿಬಯೋಟಿಕ್ ಬರೆದು ಕೈ ತೊಳೆದುಕೊಳ್ಳಬೇಡಿ. ‘ನಾಳೆ ಸಂಜೆ ಕರ್ಕೊಂಡು ಬನ್ನಿ. ಉಚ್ಚೆ ಕಮ್ಮಿಯಾದರೆ, ಉಸಿರಾಡುವಾಗ ಪಕ್ಕೆ ಒಳಗೆ ಹೋದರೆ, ಮಂಕಾದರೆ ರಾತ್ರಿಯೇ ಬನ್ನಿ’ ಅಂತ ಹೇಳಿ. ಹೇಳಿದ್ದನ್ನು ತಾಯಿಯ ಬಾಯಿಂದ ವಾಪಸ್ ಹೇಳಿಸಿ. ಅಜ್ಜಿ ಜೊತೆಗೆ ಬಂದಿದ್ದರೆ ಅಜ್ಜಿಗೂ ಹೇಳಿ. ರಾತ್ರಿ ಹೊರಡಬೇಕಾ ಬೇಡವಾ ಅನ್ನುವ ತೀರ್ಮಾನ ಆಕೆಯದ್ದು.

ನೀವೇ ಆರಿಸಿಕೊಳ್ಳುವ ಎಲೆಕ್ಟಿವ್ ಪೋಸ್ಟಿಂಗ್ ಬಾಕಿ ಇದ್ದರೆ ಒಳ್ಳೆ ಹೆಸರಿರುವ ಒಬ್ಬ ಜನರಲ್ ಪ್ರಾಕ್ಟೀಷನರ್ ಪಕ್ಕ ಒಂದು ವಾರ ಕೂರಿ. ಬಾಕಿ ಇಲ್ಲದಿದ್ದರೆ ಸಂಜೆ ಹೋಗಿ. ಅವರು ಏನು ಬರೆಯುತ್ತಾರೆ ಅನ್ನುವುದಕ್ಕಿಂತ ಯಾರಿಗೆ ಏನೂ ಬರೆಯದೆ ಕಳಿಸುತ್ತಾರೆ, ಇಂಜೆಕ್ಷನ್ ಕೇಳಿದವರಿಗೆ ಜಗಳ ಆಡದೆ ಹೇಗೆ ಇಲ್ಲ ಅನ್ನುತ್ತಾರೆ ಅಂತ ನೋಡಿ. ಕ್ಲಿನಿಕ್ ತೆರೆಯುವ ವಿಷಯ, ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಯ ನೋಂದಣಿ, ಆಸ್ಪತ್ರೆ ಕಸದ ಒಪ್ಪಂದ, ಫೀಸು ಕೇಳುವ ನಾಚಿಕೆ ಇವೆಲ್ಲ ನಿಮಗೆ ಈಗ ಬೇಡ.

ಲೇಬರ್‌ರೂಮ್‌ಸಿಸ್ಟರ್:

ಮೇಡಂ, ನಾನು ಡಾಕ್ಟರ್ ಅಲ್ಲ, ಸ್ಟಾಫ್ ನರ್ಸ್. ಉತ್ತರ ಕನ್ನಡದ ಪಿಎಚ್‌ಸಿಗಳಲ್ಲೇ ನನ್ನ ಸರ್ವೀಸ್. ಹೊಸ ಡಾಕ್ಟರ್‌ಗಳು ಬರುವುದು, ಹೋಗುವುದು ನೋಡುತ್ತಲೇ ಇದ್ದೇನೆ. ಅವರಲ್ಲಿ ಎರಡು ಥರ. ಎಲ್ಲರನ್ನೂ ತಾಲ್ಲೂಕಿಗೆ ಕಳಿಸುವವರು ಮತ್ತು ಯಾರನ್ನೂ ಕಳಿಸದವರು. ಎರಡನೆಯವರ ಜೊತೆ ನೈಟ್ ಡ್ಯೂಟಿ ಇದ್ದರೆ ನನಗೇ ಬಿಪಿ ಏರುತ್ತದೆ. ಕಳಿಸಿದರೆ ಅವಮಾನ ಅಂತ ತಿಳಿಯಬೇಡಿ. ಆದರೆ ಕಳಿಸುವ ಮೊದಲು ಮಾಡಬೇಕಾದ್ದನ್ನು ಮಾಡಿ ಕಳಿಸಿ. ಲೈನ್ ಹಾಕದೆ, ಮೊದಲ ಡೋಸು ಕೊಡದೆ, ಬರೀ ಚೀಟಿ ಕೊಟ್ಟು 108 ಹತ್ತಿಸುವುದು ಬೇಡ.

ನಿಮಗೆ ಕಾಲೇಜಲ್ಲಿ ಗೊತ್ತಿರುತ್ತದೆ, ಕೈಗೆ ಬಂದಿರುವುದಿಲ್ಲ. ಇಂಜೆಕ್ಷನ್ ರಿಯಾಕ್ಷನ್ ಆದಾಗ ಹೊಸಬರು ಮೊದಲು ಕೂಗುವುದು ‘ಏವಿಲ್ ಕೊಡಿ, ಡೆಕ್ಸಾ ಕೊಡಿ’ ಅಂತ, ಅಂದರೆ ಅಲರ್ಜಿ ಇಂಜೆಕ್ಷನ್, ಸ್ಟೀರಾಯ್ಡ್. ಅಡ್ರಿನಲಿನ್ ಅಂದರೆ ಕೈ ನಡುಗುತ್ತದೆ. ದೊಡ್ಡವರಿಗೆ ಅರ್ಧ ಎಂಎಲ್, ತೊಡೆಯ ಹೊರಗಡೆ ಮಾಂಸಕ್ಕೆ, ತಡ ಮಾಡದೆ. ಅದು ಮೊದಲು. ಉಳಿದದ್ದೆಲ್ಲ ಆಮೇಲೆ.

ಮಲೆನಾಡು ಅಂದಿರಿ, ಹಾಗಾದರೆ ಹಾವು ಬಂದೇ ಬರುತ್ತದೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಒಣಗಿದ, ಹೊಸ ಗಾಜಿನ ಟ್ಯೂಬ್ ಬೇಕು. ಪ್ಲಾಸ್ಟಿಕ್ ಆಗುವುದಿಲ್ಲ, ಸೋಪು ಹಾಕಿ ತೊಳೆದದ್ದೂ ಆಗುವುದಿಲ್ಲ. 2 ಎಂಎಲ್ ರಕ್ತ ಹಾಕಿ ಮುಟ್ಟದೆ ಇಡಬೇಕು. ಹೊಸಬರು ಐದು ನಿಮಿಷಕ್ಕೊಮ್ಮೆ ಎತ್ತಿ ಅಲ್ಲಾಡಿಸಿ ನೋಡುತ್ತಾರೆ, ಆಗ ರಿಸಲ್ಟ್ ನಂಬುವ ಹಾಗಿಲ್ಲ. ಹಾವಿನ ವಿಷಕ್ಕೆ ಕೊಡುವ ಮದ್ದು ಎಎಸ್‌ವಿ ಮಗುವಿಗೂ ದೊಡ್ಡವರಷ್ಟೇ. ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ ಅಲ್ವಾ. ಎಎಸ್‌ವಿ ಶುರು ಮಾಡುವ ಮೊದಲೇ ಅಡ್ರಿನಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲಿ ಇಡಿ. ನಮ್ಮ ಕಡೆ ಅಡಿಕೆ, ಕಾಫಿ ತೋಟದಲ್ಲಿ ಹಂಪ್‌ನೋಸ್ಡ್ ಪಿಟ್ ವೈಪರ್ ಇದೆ. ಎಎಸ್‌ವಿ ಮಾಡಿರುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಈ ಪಿಟ್ ವೈಪರ್ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಅಂಥ ಕೇಸನ್ನು ಬೇಗ ಮುಂದೆ ಕಳಿಸಿ. ಹಾಗೆಯೇ 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕು. ಬೇಸಿಗೆಯಲ್ಲಿ ‘ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿದೆ’ ಅಂತ ಆಶಾ ಕಾರ್ಯಕರ್ತೆ ಫೋನ್ ಮಾಡಿದರೆ ಓಪಿಡಿ ಇದೆ ಅಂತ ತಳ್ಳಿ ಹಾಕಬೇಡಿ, ತಕ್ಷಣ ತಾಲ್ಲೂಕು ಆರೋಗ್ಯಾಧಿಕಾರಿಗೆ (ಟಿಎಚ್‌ಒ) ತಿಳಿಸಿ. ಮಂಗನ ಕಾಯಿಲೆಯ ಊರು ಅದು.

ಮೊದಲ ದಿನ ಹೂವಿನ ಹಾರ, ಟೀ ಎಲ್ಲ ಆಗುತ್ತದೆ. ಅದು ಮುಗಿದ ಮೇಲೆ ಆಕ್ಸಿಜನ್ ಸಿಲಿಂಡರ್ ನೀವೇ ತೆರೆದು ನೋಡಿ. ಸ್ಪಾನರ್ ಎಲ್ಲಿದೆ ಕೇಳಿ. ಮಗುವಿಗೆ ಉಸಿರು ಕೊಡುವ ಆಂಬು ಬ್ಯಾಗ್ ಒತ್ತಿ ನೋಡಿ, ಸಕ್ಷನ್ ಆನ್ ಮಾಡಿ ನೋಡಿ. ಆಕ್ಸಿಟೋಸಿನ್ ಫ್ರಿಜ್‌ನಲ್ಲಿ ಇದೆಯಾ, ಕಪಾಟಿನಲ್ಲಿ ಬಿದ್ದಿದೆಯಾ ನೋಡಿ. ಔಷಧಿ ರೂಮಿನ ಕೀ ರಾತ್ರಿ ಯಾರ ಹತ್ತಿರ ಇರುತ್ತದೆ ತಿಳಿದುಕೊಳ್ಳಿ. ಮತ್ತೆ, ಪೇಶಂಟ್ ಎದುರಿಗೆ ಸಿಸ್ಟರ್‌ಗೆ ಬೈಯಬೇಡಿ. ಒಳಗೆ ಕರೆದು ಬೈಯಿರಿ, ಕೇಳಿಸಿಕೊಳ್ಳುತ್ತೇವೆ.

ಯಾರ್ಕ್‌ಶೈರ್‌ಧಾರವಾಡ:

ಧಾರವಾಡದವನು, ಈಗ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್. ‘ಅಲ್ಲೆಲ್ಲ ಚೆನ್ನಾಗಿ ಕಲಿಸ್ತಾರೆ’ ಅಂತ ಯಾರಾದರೂ ಬರೆಯುವ ಮೊದಲು ನಾನೇ ಹೇಳಿಬಿಡುತ್ತೇನೆ.

ಇಲ್ಲಿ ಡಿಗ್ರಿ ಆದ ಮೇಲೆ ಎರಡು ವರ್ಷ ಫೌಂಡೇಶನ್, ಆಮೇಲೆ ಮೂರು ವರ್ಷ ಜಿಪಿ ತರಬೇತಿ. ಅದರಲ್ಲೂ ಒಂದಷ್ಟು ಕಾಲ ಆಸ್ಪತ್ರೆಯಲ್ಲೇ ಕಳೆಯುತ್ತದೆ. ಒಂದು ವಿಷಯ ಮಾತ್ರ ಒಳ್ಳೆಯದು. ಶುರುವಿನಲ್ಲಿ ಒಬ್ಬ ಪೇಶಂಟ್‌ಗೆ ಅರ್ಧ ಗಂಟೆ ಕೊಡುತ್ತಾರೆ, ಕ್ರಮೇಣ ಅದನ್ನು ಇಳಿಸುತ್ತಾ ಬರುತ್ತಾರೆ. ನನ್ನ ಟ್ರೇನರ್ ಪಕ್ಕದ ರೂಮಿನಲ್ಲೇ ಇರುತ್ತಿದ್ದರು. ಕ್ಲಿನಿಕ್ ಮುಗಿದ ಮೇಲೆ ಇಬ್ಬರೂ ಕೂತು ಪ್ರತಿಯೊಬ್ಬ ಪೇಶಂಟ್ ಬಗ್ಗೆ ಮಾತಾಡುತ್ತಿದ್ದೆವು. ‘ಇವರಿಗೆ ಯಾಕೆ ರಕ್ತ ಪರೀಕ್ಷೆ ಬರೆದೆ? ರಿಪೋರ್ಟ್ ಬಂದರೆ ಏನು ಬದಲಾಗುತ್ತದೆ?’ ಎಷ್ಟೋ ಸಲ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಪೇಶಂಟ್ ಒಪ್ಪಿದರೆ ನಮ್ಮ ಮಾತುಕತೆಯ ವಿಡಿಯೋ ತೆಗೆದು ನೋಡುತ್ತಿದ್ದೆವು. ನಾನು ಪೇಶಂಟ್ ಮಾತನ್ನು ಎಷ್ಟು ಬೇಗ ತುಂಡರಿಸುತ್ತೇನೆ ಅಂತ ಗೊತ್ತಾಗಿದ್ದು ಹಾಗೆ. ಕೊನೆಯ ಪರೀಕ್ಷೆಗಳಲ್ಲಿ ಒಂದು ಪೂರ್ತಿ ಮಾತುಕತೆಯದ್ದೇ. 12 ಕೇಸು, ಒಂದೊಂದಕ್ಕೆ 12 ನಿಮಿಷ.

ಇಷ್ಟಾದರೂ ಸರ್ಟಿಫಿಕೇಟ್ ಸಿಕ್ಕಿ ಒಬ್ಬನೇ ಕೂತಾಗ ನಡುಕ ಬಂದಿತ್ತು. ಹತ್ತು ನಿಮಿಷಕ್ಕೊಬ್ಬ ಪೇಶಂಟ್, ಸಂಜೆ ಲ್ಯಾಬ್ ರಿಪೋರ್ಟುಗಳ ರಾಶಿ, ಆಸ್ಪತ್ರೆಯಿಂದ ಬಂದ ಪತ್ರಗಳು. ಪ್ರಾಕ್ಟೀಸ್‌ನಲ್ಲಿ ಪಾಲುದಾರ ಆದರಂತೂ ಸಿಬ್ಬಂದಿ ಸಂಬಳ, ಕಟ್ಟಡ, ಕರಾರು. ಅದನ್ನು ಯಾವ ಟ್ರೇನರ್ ಕೂಡ ಸರಿಯಾಗಿ ಹೇಳಿಕೊಡಲಿಲ್ಲ.

ಪಕ್ಕದ ರೂಮಿನ ಆ ಹಿರಿಯರು ನಿಮಗೆ ಸಿಗುವುದಿಲ್ಲ. ಹಾಗಾಗಿ ಅಕ್ಕಪಕ್ಕದ ಪಿಎಚ್‌ಸಿಯ ಇಬ್ಬರು ಮೂವರು ಡಾಕ್ಟರ್‌ಗಳನ್ನು ಸೇರಿಸಿಕೊಂಡು ವಾರಕ್ಕೊಮ್ಮೆ ಫೋನಿನಲ್ಲೇ ಕೂರಿ. ಪೇಶಂಟ್ ಹೆಸರು ಹೇಳಬೇಡಿ, ಕೇಸು ಹೇಳಿ. ‘ಏನು ಕೊಟ್ಟೆ’ ಅನ್ನುವುದಕ್ಕಿಂತ ‘ಯಾಕೆ ಕೊಟ್ಟೆ’ ಅಂತ ಒಬ್ಬರನ್ನೊಬ್ಬರು ಕೇಳಿ. ಇನ್ನೊಂದು, ಪೇಶಂಟ್‌ಗೆ ‘ನಿಮಗೆ ಏನಾಗಿರಬಹುದು ಅನ್ಸುತ್ತೆ? ಯಾವುದಕ್ಕೆ ಹೆದರಿದ್ದೀರಿ?’ ಅಂತ ಕೇಳಿ ನೋಡಿ. ತಲೆನೋವು ಅಂತ ಬಂದವರು ‘ನಮ್ಮ ಅಣ್ಣ ಬ್ರೈನ್ ಟ್ಯೂಮರ್‌ನಿಂದ ಹೋದ’ ಅನ್ನುತ್ತಾರೆ. ಅದು ಗೊತ್ತಿಲ್ಲದೆ ಬರೆದ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ ನೋಡಿ.

ನಿವೃತ್ತಮೇಷ್ಟ್ರು:

ಕಮ್ಯುನಿಟಿ ಮೆಡಿಸಿನ್, ಅಂದರೆ ಸಮುದಾಯದ ಆರೋಗ್ಯದ ಪಾಠ ಮಾಡಿ ನಿವೃತ್ತನಾದವನು. ನಮ್ಮ ವಿಭಾಗಕ್ಕೆ ‘ಪಿಎಸ್‌ಎಂ’ ಅಂತ ಹೆಸರಿದ್ದ ಕಾಲದಿಂದ ಹುಡುಗರು ಅಟೆಂಡೆನ್ಸ್‌ಗೆ ಮಾತ್ರ ಬರುತ್ತಿದ್ದರು, ಆದ್ದರಿಂದ ನನ್ನ ಮಾತಲ್ಲಿ ಸ್ವಲ್ಪ ಹೊಟ್ಟೆಯುರಿ ಇದ್ದರೆ ಕ್ಷಮಿಸಿ.

ಬಸ್‌ಸ್ಟ್ಯಾಂಡ್ ಡಾಕ್ಟ್ರ ಮಾತು ಮುಕ್ಕಾಲು ಪಾಲು ಸರಿ. ಆದರೆ ಇದು ಯಾರಿಗೂ ಹೊಳೆಯದ ಸಂಗತಿಯಲ್ಲ. ದೇಶದ ಆರೋಗ್ಯ ವ್ಯವಸ್ಥೆ ಬಗ್ಗೆ ವರದಿ ಕೊಟ್ಟ 1946ರ ಭೋರ್ ಸಮಿತಿಯೇ ಹಳ್ಳಿಗೆ ಒಗ್ಗುವ ಸಾಮಾನ್ಯ ಡಾಕ್ಟರ್ ಬೇಕು ಅಂದಿತ್ತು. 1977ರಲ್ಲಿ ಮೆಡಿಕಲ್ ಕಾಲೇಜುಗಳನ್ನು ಹಳ್ಳಿಗೆ ಜೋಡಿಸುವ ರೋಮ್ ಯೋಜನೆ ಬಂತು. ಕಾಲೇಜುಗಳಿಗೆ ದೊಡ್ಡ ದೊಡ್ಡ ಮೊಬೈಲ್ ಕ್ಲಿನಿಕ್ ವ್ಯಾನ್‌ಗಳು ಬಂದವು. ನಾನು ಕಂಡ ವ್ಯಾನ್ ನಮ್ಮ ಹಳ್ಳಿ ರಸ್ತೆಯಲ್ಲಿ ತಿರುಗುತ್ತಲೇ ಇರಲಿಲ್ಲ, ಕೊನೆಗೆ ಶೆಡ್ಡಿನಲ್ಲೇ ಉಳಿಯಿತು. ಈಗ ಎಂಬಿಬಿಎಸ್ ಹುಡುಗರು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಹೋಗಿ ಬಂದು ನೋಡಬೇಕು ಅನ್ನುವ ನಿಯಮ ಇದೆ. ಒಂದೇ ಮನೆಯನ್ನು ವರ್ಷಗಟ್ಟಲೆ ನೋಡುವುದು ಒಳ್ಳೆಯ ಯೋಚನೆ. ಬಸ್ಸಿನಲ್ಲಿ ಕರೆದೊಯ್ದು ಬಿಪಿ ನೋಡಿಸಿ ಫೋಟೋ ತೆಗೆದು ವಾಪಸ್ ತಂದರೆ ಮಾತ್ರ ಅದೂ ಶೆಡ್ಡಿಗೇ.

2021ರ ಇಂಟರ್ನ್‌ಶಿಪ್ ನಿಯಮದಲ್ಲಿ ಕಮ್ಯುನಿಟಿ ಮೆಡಿಸಿನ್‌ಗೆ 12 ವಾರ ಇದೆ. ಬೇರೆ ಯಾವ ವಿಭಾಗಕ್ಕೂ ಇಷ್ಟು ಇಲ್ಲ. ಆ 12 ವಾರವನ್ನು ಹುಡುಗರು ಏನು ಅಂತ ಕರೆಯುತ್ತಾರೆ ಹೊಸಸ್ಟೆತ್ ಅವರೇ, ನೀವೇ ಹೇಳಿ. ಓದುವ ರಜೆ ಅಲ್ವಾ? ಅವರನ್ನು ಬೈಯಲಾರೆ. ಪಿಜಿ ಸೀಟು ನಿರ್ಧರಿಸುವುದು 200 ಬಹುಆಯ್ಕೆ ಪ್ರಶ್ನೆಗಳು. ಅವುಗಳಲ್ಲಿ ‘ಕೈಕಾಲು ಸೇದ್ತವೆ’ ಅನ್ನುವ ಪೇಶಂಟ್ ಬರುವುದಿಲ್ಲ. ಕಲಿಸುವವರೂ ಸ್ಪೆಷಲಿಸ್ಟ್‌ಗಳೇ. ಫ್ಯಾಮಿಲಿ ಡಾಕ್ಟರ್ ಒಬ್ಬರನ್ನೂ ನೋಡದೆ ಎಂಬಿಬಿಎಸ್ ಮುಗಿಸುವುದು ನಮ್ಮಲ್ಲಿ ಮಾಮೂಲು.

ಒಂದು ಕಡೆ ಡಾಕ್ಟ್ರ ಜೊತೆ ನನ್ನ ತಕರಾರು. ಖಾಸಗಿ ಕ್ಲಿನಿಕ್ ಪಕ್ಕ ಕೂತು ಕಲಿಯುವುದು ಒಳ್ಳೆಯದೇ, ಆದರೆ ಅಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಹಾಕುವುದನ್ನೂ ಕಲಿತು ಬರುವವರನ್ನು ನೋಡಿದ್ದೇನೆ. ಯಾರ ಪಕ್ಕ ಕೂರುತ್ತೀರಿ ಅಂತ ವಿಚಾರಿಸಿ ಕೂರಿ.

ಇದೇ ದಾರಿ ಅಂತ ಗಟ್ಟಿ ಮಾಡಿಕೊಂಡಿದ್ದರೆ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಮೂರು ವರ್ಷದ ಡಿಎನ್‌ಬಿ ಅನ್ನುವ ಸ್ನಾತಕೋತ್ತರ ಕೋರ್ಸ್ ಇದೆ. ಎಂಡಿ ಕೂಡ ಇದೆ, ಕೋಳಿಕ್ಕೋಡ್ ಸರ್ಕಾರಿ ಕಾಲೇಜು ಅದರಲ್ಲಿ ಮೊದಲಿನದು. ಕೆಲಸ ಬಿಡದೆ ಓದಬೇಕೆಂದರೆ ವೆಲ್ಲೂರು ಸಿಎಂಸಿಯ ದೂರಶಿಕ್ಷಣ ಡಿಪ್ಲೊಮಾ ವಿಚಾರಿಸಿ. ಮನೆಯವರಿಗೆ ಹೇಳಲೂ ಒಂದು ಡಿಗ್ರಿಯ ಹೆಸರು ಸಿಗುತ್ತದೆ.

ಹೊಸಸ್ಟೆತ್:

ಮೇಷ್ಟ್ರೇ, ಓದುವ ರಜೆ ಅಂತಲೇ ಕರೆಯುತ್ತಾರೆ. ಸಿಕ್ಕಿಬಿದ್ದೆವು.

ಸಿಸ್ಟರ್, ನಿಮ್ಮ ಪಟ್ಟಿಯನ್ನು ಫೋನಿನಲ್ಲಿ ಬರೆದಿಟ್ಟುಕೊಂಡೆ. ನಾಳೆಯಿಂದ ಮಧ್ಯಾಹ್ನ ಕ್ಯಾಶುವಾಲ್ಟಿಯ ಎಂಎಲ್‌ಸಿ (ಪೊಲೀಸ್ ಕೇಸು) ರೂಮಿನಲ್ಲಿ ಕೂರಲು ಅಲ್ಲಿನ ಮೆಡಿಕಲ್ ಆಫೀಸರ್ ಒಪ್ಪಿದ್ದಾರೆ. ನಮ್ಮೂರಿನ ಹಳೇ ಡಾಕ್ಟರ್ ಒಬ್ಬರು ಸಂಜೆ ಬಾ ಅಂದಿದ್ದಾರೆ. ಅಮ್ಮನ ಹೆರಿಗೆ ಮಾಡಿಸಿದವರೇ ಅವರು, ಸ್ಟೀರಾಯ್ಡ್ ಭಯ ಇಲ್ಲ.

ಬಸ್‌ಸ್ಟ್ಯಾಂಡ್ ಡಾಕ್ಟ್ರೇ, ಒಂದೇ ಒಂದು ಪ್ರಶ್ನೆ. ಹೊಡೆದಾಟದ ಕೇಸು ಬರುತ್ತದೆ, ಕೈ ಊದಿದೆ, ಎಕ್ಸ್‌ರೇ ನಮ್ಮಲ್ಲಿ ಇಲ್ಲ. ಪೊಲೀಸರು ಬಾಗಿಲಲ್ಲಿ ನಿಂತು ‘ಸಿಂಪಲ್ಲಾ ಗ್ರೀವಿಯಸ್ಸಾ ಬರೆದುಕೊಡಿ’ ಅಂತಾರೆ, ಅಂದರೆ ಸಣ್ಣ ಗಾಯವೋ ತೀವ್ರ ಗಾಯವೋ ಅಂತ. ಎರಡೂ ಕಡೆಯವರು ಊರಿನವರೇ. ಆಗ ಏನು ಬರೆಯಬೇಕು?

ಬಸ್‌ಸ್ಟ್ಯಾಂಡ್‌ಡಾಕ್ಟ್ರು:

ಮೇಷ್ಟ್ರ ತಕರಾರು ಒಪ್ಪಿಕೊಂಡೆ. ನಮ್ಮ ರಸ್ತೆಯಲ್ಲೇ ಅಂಥವರು ಇದ್ದಾರೆ.

ಕಂಡಿದ್ದನ್ನು ಮಾತ್ರ ಬರೆಯಿರಿ. ಊತ ಎಲ್ಲಿ, ಎಷ್ಟು ಸೆಂಟಿಮೀಟರ್, ಯಾವ ಬಣ್ಣ, ಮುಟ್ಟಿದರೆ ನೋವಿದೆಯಾ, ಕೈ ಆಡುತ್ತದಾ. ಯಾರು ಹೊಡೆದರು ಅನ್ನುವುದನ್ನು ‘ಗಾಯಾಳು ಹೇಳಿದಂತೆ’ ಅಂತ ಸೇರಿಸಿ ಬರೆಯಿರಿ. ಗುರುತಿನ ಎರಡು ಮಚ್ಚೆ, ನೀವು ನೋಡಿದ ಸಮಯ, ಪೊಲೀಸರಿಗೆ ಸುದ್ದಿ ಕೊಟ್ಟ ಸಮಯ ಬಿಡಬೇಡಿ. ಎಂಎಲ್‌ಸಿ ರಿಜಿಸ್ಟರ್‌ನಲ್ಲಿ ಅವತ್ತೇ ತುಂಬಿಸಿ. ಗಾಯದ ಸ್ವರೂಪದ ಜಾಗದಲ್ಲಿ ‘ಎಕ್ಸ್‌ರೇ ವರದಿ ಬಂದ ನಂತರ ಅಭಿಪ್ರಾಯ’ ಅಂತ ಬರೆದು ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಯಾರು ಬಾಗಿಲಲ್ಲಿ ನಿಂತರೂ ಅದನ್ನು ಆಮೇಲೆಯೇ ತುಂಬಿಸುವುದು. ಮೂಳೆ ಮುರಿದಿದ್ದರೆ, ಹಲ್ಲು ಹೋಗಿದ್ದರೆ ಗ್ರೀವಿಯಸ್.

ನಿಮ್ಮ ಸೀನಿಯರ್‌ಗಳ ಹಳೇ ನೋಟ್ಸ್ ನೋಡಿ ಬರೆಯಬೇಡಿ. ಅದರಲ್ಲಿ ಐಪಿಸಿ 320, ಇಪ್ಪತ್ತು ದಿನ ತೀವ್ರ ನೋವು ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಗ್ರೀವಿಯಸ್ ಅಂತ ಇರುತ್ತದೆ. 2024ರ ಜುಲೈ 1ರಿಂದ ಅದು ಹೊಸ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 116, ಇಪ್ಪತ್ತು ಹೋಗಿ ಹದಿನೈದು ದಿನ ಆಗಿದೆ. ಕೋರ್ಟಿನಲ್ಲಿ ವಕೀಲರು ಮೊದಲು ಹಿಡಿಯುವುದು ಇದನ್ನೇ. ಸರ್ಟಿಫಿಕೇಟ್‌ನ ಒಂದು ಕಾಪಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸಮನ್ಸ್ ಬರುವ ಹೊತ್ತಿಗೆ ನೀವು ಬೇರೆ ಊರಿನಲ್ಲಿ ಇರುತ್ತೀರಿ, ಕೇಸು ಮಾತ್ರ ಅಲ್ಲೇ ಇರುತ್ತದೆ.